ತೆಳುಗಾಳಿಯ ಮೇಲೆ ಅಡ್ಡಗಾಳಿ: ಏಂಜಲ್ ಫೈರ್‌ನ ಒಂದು ಟೇಕಾಫ್

ಸಭಿಕರೆಲ್ಲರಿಗೂ ನಮಸ್ಕಾರ.

2013ರ ಮಾರ್ಚ್ 3ರ ಮಧ್ಯಾಹ್ನ, ಅಮೆರಿಕದ ನ್ಯೂ ಮೆಕ್ಸಿಕೊ ರಾಜ್ಯದ ಏಂಜಲ್ ಫೈರ್ ಎಂಬ ಬೆಟ್ಟದೂರಿನ ವಿಮಾನ ನಿಲ್ದಾಣದಿಂದ ನಾಲ್ವರನ್ನು ಹೊತ್ತ ಮೂನಿ ಎಂ20ಇ ವಿಮಾನವೊಂದು ಮೇಲೇರಿತು. ಅದು ಒಂದೇ ಎಂಜಿನಿನ, ನಾಲ್ಕು ಆಸನಗಳ, ಚಕ್ರಗಳನ್ನು ಒಳಗೆ ಮಡಚಿಕೊಳ್ಳುವ, ತನ್ನ ವರ್ಗದಲ್ಲಿ ಚುರುಕೆಂದು ಹೆಸರಾದ ವಿಮಾನ. ಆ ಹೊತ್ತಿಗೆ ನಿಲ್ದಾಣದ ಸ್ವಯಂಚಾಲಿತ ಹವಾಮಾನ ಯಂತ್ರವು 250 ಡಿಗ್ರಿ ದಿಕ್ಕಿನಿಂದ, ಅಂದರೆ ಪಶ್ಚಿಮಕ್ಕಿಂತ ತುಸು ದಕ್ಷಿಣದಿಂದ, 33 ನಾಟ್ ವೇಗದ ಗಾಳಿಯನ್ನೂ ಅದರ ನಡುವೆ 47 ನಾಟ್‌ವರೆಗಿನ ಬೀಸುಗಳನ್ನೂ ದಾಖಲಿಸುತ್ತಿತ್ತು. ಗಂಟೆಗೆ ಸುಮಾರು 60 ಕಿಲೋಮೀಟರ್ ಗಾಳಿ, ನಡುನಡುವೆ 87. ನೆಲ ಬಿಟ್ಟ ಸ್ವಲ್ಪ ಹೊತ್ತಿನಲ್ಲೇ, ನಿಲ್ದಾಣದ ಸಮೀಪದಲ್ಲೇ, ವಿಮಾನವು ಹತೋಟಿ ತಪ್ಪಿ ನೆಲಕ್ಕೆ ಅಪ್ಪಳಿಸಿತು. ನಾಲ್ವರೂ ಮೃತಪಟ್ಟರು.

ಈ ಅಪಘಾತವನ್ನು ಎರಡು ವಾಕ್ಯಗಳಲ್ಲಿ ಮುಗಿಸಿಬಿಡುವವರಿದ್ದಾರೆ. ಅಂತಹ ಗಾಳಿಯಲ್ಲಿ ಹೊರಡಬಾರದಿತ್ತು ಎನ್ನುವವರು ಒಂದು ಕಡೆ. ಅಷ್ಟು ಎತ್ತರದ ನಿಲ್ದಾಣದಲ್ಲಿ ಸಣ್ಣ ಎಂಜಿನಿಗೆ ಶಕ್ತಿ ಸಾಲದು ಎನ್ನುವವರು ಇನ್ನೊಂದು ಕಡೆ. ಇಬ್ಬರ ಮಾತೂ ಸುಳ್ಳಲ್ಲ. ಆದರೆ ಎತ್ತರವನ್ನೂ ಗಾಳಿಯನ್ನೂ ಬೇರೆ ಬೇರೆ ಅಪಾಯಗಳೆಂದು ಪರಿಗಣಿಸಿ, ಒಂದೊಂದನ್ನೂ ಪ್ರತ್ಯೇಕವಾಗಿ ತೂಗಿ ನೋಡುವ ಅಭ್ಯಾಸವೇ ಇಂತಹ ಅಪಘಾತಗಳ ಬೇರಿನಲ್ಲಿದೆ ಎಂಬುದು ನನ್ನ ಅಭಿಪ್ರಾಯ. ಗಾಳಿಯ ಪೆಟ್ಟಿನಿಂದ ಚೇತರಿಸಿಕೊಳ್ಳಲು ವಿಮಾನಕ್ಕೆ ಬೇಕಾಗುವ ಮಿಗತೆ ಶಕ್ತಿಯನ್ನು ಎತ್ತರವು ಮೊದಲೇ ಕಿತ್ತುಕೊಂಡಿರುತ್ತದೆ. ಈ ಸಂಬಂಧ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ಲೆಕ್ಕಗಳ ಮೂಲಕವೇ ತೋರಿಸಲು ಯತ್ನಿಸುತ್ತೇನೆ.

ಮೊದಲು ಎತ್ತರದ ಮಾತು. ಏಂಜಲ್ ಫೈರ್ ನಿಲ್ದಾಣ ಸಮುದ್ರಮಟ್ಟದಿಂದ ಸುಮಾರು 8,380 ಅಡಿ ಮೇಲಿದೆ. ಆದರೆ ವಿಮಾನದ ರೆಕ್ಕೆಗೆ ನೆಲದ ಎತ್ತರ ತಿಳಿಯುವುದಿಲ್ಲ. ತನ್ನ ಮೇಲೆ ಹರಿಯುವ ಗಾಳಿ ಎಷ್ಟು ದಟ್ಟವಾಗಿದೆ ಎಂಬುದಷ್ಟೇ ಅದಕ್ಕೆ ತಿಳಿಯುತ್ತದೆ. ಇಂದಿನ ಗಾಳಿಯ ದಟ್ಟತೆಯು ಪ್ರಮಾಣಿತ ವಾತಾವರಣದಲ್ಲಿ ಎಷ್ಟು ಎತ್ತರದ ಗಾಳಿಗೆ ಸಮ ಎಂದು ಹೇಳುವ ಅಳತೆಯನ್ನು ಪೈಲಟ್‌ಗಳು ಡೆನ್ಸಿಟಿ ಆಲ್ಟಿಟ್ಯೂಡ್ ಎನ್ನುತ್ತಾರೆ. ಇಲ್ಲಿ ಅದನ್ನು ಸಾಂದ್ರತಾ ಎತ್ತರ ಎಂದು ಕರೆಯುತ್ತೇನೆ. ಪ್ರಮಾಣಿತ ವಾತಾವರಣದಲ್ಲಿ ಸಮುದ್ರಮಟ್ಟದ ಉಷ್ಣಾಂಶ 15 ಡಿಗ್ರಿ ಸೆಲ್ಸಿಯಸ್, ಒತ್ತಡ 1013.25 ಹೆಕ್ಟೊಪ್ಯಾಸ್ಕಲ್; ಮೇಲೆ ಹೋದಂತೆ ಪ್ರತಿ ಸಾವಿರ ಅಡಿಗೆ ಉಷ್ಣಾಂಶ ಸುಮಾರು 2 ಡಿಗ್ರಿ ಇಳಿಯುತ್ತದೆ. ಈ ಲೆಕ್ಕದಂತೆ ಏಂಜಲ್ ಫೈರ್‌ನ ಎತ್ತರದಲ್ಲಿ ಇರಬೇಕಾದ ಉಷ್ಣಾಂಶ ಸೊನ್ನೆಗಿಂತ ಸುಮಾರು ಒಂದೂವರೆ ಡಿಗ್ರಿ ಕೆಳಗೆ. ಅದಕ್ಕಿಂತ ಹೆಚ್ಚಿದ ಪ್ರತಿ ಡಿಗ್ರಿಗೂ ಸಾಂದ್ರತಾ ಎತ್ತರಕ್ಕೆ ಸುಮಾರು 120 ಅಡಿ ಕೂಡುತ್ತದೆ. ಆದ್ದರಿಂದ ಸ್ವೆಟರ್ ತೊಟ್ಟು ಓಡಾಡಬೇಕಾದ 8 ಡಿಗ್ರಿಯ ಚಳಿಯಲ್ಲೂ ಅಲ್ಲಿನ ಸಾಂದ್ರತಾ ಎತ್ತರ 9,500 ಅಡಿಯನ್ನು ಮುಟ್ಟಿಬಿಡುತ್ತದೆ. ಅಪಘಾತದ ದಿನವೂ ಅದು ಸುಮಾರು ಅಷ್ಟೇ ಇತ್ತು. ಇದನ್ನು ಒತ್ತಿ ಹೇಳಲು ಕಾರಣವಿದೆ: ಸಾಂದ್ರತಾ ಎತ್ತರವೆಂದರೆ ಬೇಸಿಗೆಯ ಸಮಸ್ಯೆ, ಬಿಸಿಲಿನ ಸಮಸ್ಯೆ ಎಂದು ಬಗೆದವರಿಗೆ ಮಾರ್ಚ್ ತಿಂಗಳ ತಣ್ಣನೆಯ ದಿನ ಯಾವ ಎಚ್ಚರಿಕೆಯನ್ನೂ ಕೊಡುವುದಿಲ್ಲ.

9,500 ಅಡಿಯಲ್ಲಿ ಗಾಳಿಯ ದಟ್ಟತೆ ಸಮುದ್ರಮಟ್ಟದ ಮುಕ್ಕಾಲು ಪಾಲು ಮಾತ್ರ. ಗಾಳಿಯನ್ನು ಒತ್ತಿ ಎಂಜಿನಿಗೆ ತುಂಬುವ ಟರ್ಬೋಚಾರ್ಜರ್ ಇಲ್ಲದ ಎಂಜಿನು ಪ್ರತಿ ಉಸಿರಿಗೂ ಕಡಿಮೆ ಆಮ್ಲಜನಕವನ್ನು ಪಡೆಯುತ್ತದೆ. ಎಂ20ಇ ವಿಮಾನದ 200 ಅಶ್ವಶಕ್ತಿಯ ಲೈಕಮಿಂಗ್ ಎಂಜಿನು ಅಲ್ಲಿ 145ರ ಆಸುಪಾಸಿಗೆ ಇಳಿಯುತ್ತದೆ. ಉಳಿದ ಶಕ್ತಿಯನ್ನು ತಳ್ಳುಬಲವಾಗಿ ಮಾರ್ಪಡಿಸುವ ಪ್ರೊಪೆಲರ್‌ಗೂ ಹಿಡಿತಕ್ಕೆ ಸಿಗುವುದು ತೆಳುವಾದ ಗಾಳಿಯೇ. ಮೂರನೆಯದು ರೆಕ್ಕೆ. ಅಷ್ಟೇ ಭಾರವನ್ನು ಎತ್ತಬೇಕಾದರೆ ತೆಳುಗಾಳಿಯಲ್ಲಿ ರೆಕ್ಕೆ ಹೆಚ್ಚು ವೇಗವಾಗಿ ಚಲಿಸಬೇಕು. ಈ ದಟ್ಟತೆಯಲ್ಲಿ ಆ ಹೆಚ್ಚಳ ಶೇಕಡಾ 15ರಷ್ಟು. ವೇಗಸೂಚಕದ ಮುಳ್ಳು ಮಾತ್ರ ಎಂದಿನ 70 ನಾಟನ್ನೇ ತೋರಿಸುತ್ತಿರುತ್ತದೆ, ಏಕೆಂದರೆ ಆ ಉಪಕರಣವೂ ಗಾಳಿಯ ಒತ್ತಡವನ್ನೇ ಅಳೆಯುತ್ತದೆ. ವಿಮಾನ ಗಾಳಿಯನ್ನು ಸೀಳಿ ಹೋಗುತ್ತಿರುವ ನಿಜವಾದ ವೇಗ 81 ನಾಟ್ ಆಗಿರುತ್ತದೆ. ವೇಗ ಹೆಚ್ಚು ಬೇಕು, ವೇಗ ಗಳಿಸಿಕೊಡುವ ಶಕ್ತಿ ಕಡಿಮೆ. ಎರಡೂ ಸೇರಿ ನೆಲದ ಮೇಲಿನ ಓಟವು ಸಮುದ್ರಮಟ್ಟದಲ್ಲಿ ಇರುವುದಕ್ಕಿಂತ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ.

ಇಲ್ಲಿಯವರೆಗಿನದು ಯಾವ ಪಠ್ಯಪುಸ್ತಕದಲ್ಲೂ ಸಿಗುವ ವಿಷಯ. ಪಠ್ಯಪುಸ್ತಕಗಳು ಇಲ್ಲಿಗೆ ನಿಲ್ಲಿಸಿ, ‘ಆದ್ದರಿಂದ ರನ್‌ವೇ ಸಾಕಾಗುತ್ತದೆಯೇ ನೋಡಿಕೊಳ್ಳಿ’ ಎಂದು ಹೇಳುವುದೇ ನನಗೆ ಅಸಮಾಧಾನ ತರುವ ಸಂಗತಿ. ಏಂಜಲ್ ಫೈರ್‌ನ ರನ್‌ವೇ ಸುಮಾರು 8,900 ಅಡಿ, ಎಂದರೆ 2.7 ಕಿಲೋಮೀಟರ್ ಉದ್ದದ್ದು. ಎಂ20ಇ ತರಹದ ವಿಮಾನ ಅದರ ಅರ್ಧವನ್ನೂ ಬಳಸದೆ ನೆಲ ಬಿಡಬಲ್ಲದು. ಅಷ್ಟು ಉದ್ದದ ಡಾಂಬರನ್ನು ಮುಂದೆ ಕಂಡ ಪೈಲಟ್‌ಗೆ ಎತ್ತರದ ಪ್ರಶ್ನೆಗೆ ಉತ್ತರ ದೊರೆತಂತೆ ಅನ್ನಿಸಿದರೆ ಆಶ್ಚರ್ಯವಿಲ್ಲ. ರನ್‌ವೇಯ ಅರ್ಧ ಮುಗಿಯುವಷ್ಟರಲ್ಲಿ ಟೇಕಾಫ್ ವೇಗದ ಶೇಕಡಾ 70 ಬಂದಿರದಿದ್ದರೆ ನಿಲ್ಲಿಸಿಬಿಡಬೇಕು ಎಂಬ ಒಂದು ಸೂತ್ರವಿದೆ. ಓಡಿದ ದೂರ ವೇಗದ ವರ್ಗದಂತೆ ಬೆಳೆಯುತ್ತದೆ, 0.7ರ ವರ್ಗ ಸುಮಾರು ಅರ್ಧ. ಸೂತ್ರದ ಆಧಾರ ಇಷ್ಟೇ. ಒಳ್ಳೆಯ ಸೂತ್ರವೇ. ಆದರೆ ಅದು ನೆಲ ಬಿಡುವವರೆಗಿನ ಮಾತು. ನೆಲ ಬಿಟ್ಟ ಮೇಲೆ ವಿಮಾನ ಎಷ್ಟು ಏರಬಲ್ಲದು, ಗಾಳಿ ಅದನ್ನು ಎಷ್ಟು ತಳ್ಳಬಲ್ಲದು ಎಂಬುದರ ಕುರಿತು ಅದು ಏನನ್ನೂ ಹೇಳುವುದಿಲ್ಲ.

ಈ ಅಂತರವನ್ನು ಕಣ್ಣಾರೆ ಕಾಣಬೇಕಾದರೆ ಇನ್ನೊಂದು ಅಪಘಾತದ ದೃಶ್ಯ ಲಭ್ಯವಿದೆ. 2012ರ ಜೂನ್ 30ರಂದು ಅಮೆರಿಕದ ಐಡಹೋ ರಾಜ್ಯದ ಬ್ರೂಸ್ ಮೆಡೋಸ್ ಎಂಬ ಕಾಡಿನ ನಡುವಿನ ಹುಲ್ಲುನೆಲದಿಂದ ಹಳೆಯ ಸ್ಟಿನ್ಸನ್ 108 ವಿಮಾನವೊಂದು ನಾಲ್ವರೊಂದಿಗೆ ಹೊರಟಿತು. ನೆಲದ ಎತ್ತರ 6,370 ಅಡಿ, ಸಾಂದ್ರತಾ ಎತ್ತರ 9,000 ಅಡಿಗೂ ಮೇಲೆ. ಒಳಗಿದ್ದ ಕ್ಯಾಮೆರಾದಲ್ಲಿ ಇಡೀ ಪ್ರಯಾಣ ಚಿತ್ರಿತವಾಗಿದೆ. ಸುದೀರ್ಘ ಓಟದ ಬಳಿಕ ವಿಮಾನ ನೆಲ ಬಿಡುತ್ತದೆ, ಹಾರುತ್ತದೆ, ಆದರೆ ಏರುವುದಿಲ್ಲ. ಮರಗಳ ತಲೆಯ ಮಟ್ಟದಲ್ಲೇ ಸಾಗುತ್ತಾ ಕೊನೆಗೆ ಮರಗಳ ನಡುವೆಯೇ ಇಳಿದುಬಿಡುತ್ತದೆ. ನಾಲ್ವರೂ ಬದುಕಿ ಬಂದರು. ನೆಲಕ್ಕೆ ಒಂದು ರೆಕ್ಕೆಯಗಲದಷ್ಟು ಸಮೀಪದಲ್ಲಿರುವಾಗ ಗಾಳಿ ವಿಮಾನವನ್ನು ಹಿಂದಕ್ಕೆ ಎಳೆಯುವ ಬಲ ಕಡಿಮೆಯಿರುತ್ತದೆ. ಆ ರಿಯಾಯಿತಿಯ ಬಲದಿಂದ ನೆಲ ಬಿಟ್ಟ ವಿಮಾನವು ಅದರಾಚೆಗೆ ಏರಲಾರದೆ ಹೋಗಬಹುದು, ಸ್ವಲ್ಪವೇ ಏರಿದರೂ ಒಂದು ಸಾಧಾರಣ ಇಳಿಗಾಳಿ ಅದನ್ನು ಅಲ್ಲಿಯೇ ಹಿಡಿದಿಡಬಹುದು. ಹಾರುವುದೂ ಏರುವುದೂ ಬೇರೆ ಬೇರೆ.

ಈಗ ಗಾಳಿಗೆ ಬರೋಣ. ಏಂಜಲ್ ಫೈರ್‌ನ ಏಕೈಕ ರನ್‌ವೇ ಹೆಚ್ಚುಕಡಿಮೆ ಉತ್ತರ–ದಕ್ಷಿಣವಾಗಿದೆ. ದಕ್ಷಿಣಾಭಿಮುಖವಾಗಿ ಅದರ ಸಂಖ್ಯೆ 17, ಅಂದರೆ ಸುಮಾರು 170 ಡಿಗ್ರಿ ದಿಕ್ಕು. ಗಾಳಿ ಪಶ್ಚಿಮದ ಕಡೆಯಿಂದ. ಅಂದರೆ ಟೇಕಾಫ್‌ಗೆ ನೆರವಾಗುವ ಎದುರುಗಾಳಿಯ ಪಾಲು ತೀರಾ ಕಡಿಮೆ, ಬಹುಪಾಲು ನೇರ ಅಡ್ಡಗಾಳಿ. ಕೋನದ ಲೆಕ್ಕ ಹಾಕಿದರೆ ಅಡ್ಡಗಾಳಿಯ ಪಾಲು ಎಡೆಬಿಡದೆ 30 ನಾಟ್‌ಗೆ ಮೇಲೆ, ಬೀಸುಗಳಲ್ಲಿ 40 ನಾಟ್‌ಗೆ ಮೇಲೆ. ಈ ವರ್ಗದ ವಿಮಾನಗಳ ಕೈಪಿಡಿಗಳಲ್ಲಿ ‘ಪ್ರದರ್ಶಿತ ಅಡ್ಡಗಾಳಿ’ ಎಂಬ ಅಂಕಿಯಿರುತ್ತದೆ. ಸೆಸ್ನಾ 172ಕ್ಕೆ ಅದು 15 ನಾಟ್, ಮೂನಿ ವಂಶದ್ದೇ ಆದ ಎಂ20ಜೆಗೆ 11. ಇದು ಕಾನೂನಿನ ಮಿತಿಯಲ್ಲ, ಪ್ರಮಾಣೀಕರಣದ ಪರೀಕ್ಷೆಯಲ್ಲಿ ನಿಭಾಯಿಸಿ ತೋರಿಸಿದ ಅಂಕಿಯಷ್ಟೇ ಎಂಬ ವಾದವನ್ನು ಅನುಭವಿ ಪೈಲಟ್‌ಗಳ ಬಾಯಲ್ಲಿ ಆಗಾಗ ಕೇಳುತ್ತೇವೆ. ಆ ವಾದ ತಾಂತ್ರಿಕವಾಗಿ ಸರಿ. ಆದರೆ 15ರ ಬದಲು 18ರಲ್ಲಿ ಇಳಿದವರನ್ನು ಸಮರ್ಥಿಸಲು ಬಳಸುವ ಮಾತನ್ನು ಅದರ ಮೂರು ಪಟ್ಟಿನ ಗಾಳಿಗೆ ಎಳೆದು ತರಲಾಗದು.

ಹಾಗಿದ್ದೂ ಆ ವಿಮಾನ ರನ್‌ವೇಯಿಂದ ಪಕ್ಕಕ್ಕೆ ಜಾರದೆ ನೆಲ ಬಿಟ್ಟಿತು ಎಂಬುದನ್ನು ಗಮನಿಸಬೇಕು. ಅಡ್ಡಗಾಳಿಯ ಸಮಸ್ಯೆ ಚಕ್ರ ನೆಲದಲ್ಲಿರುವಾಗಿನದು, ಗಾಳಿಗೆ ಏರಿದ ಮೇಲೆ ವಿಮಾನಕ್ಕೆ ಅಡ್ಡಗಾಳಿಯೆಂಬುದೇ ಇಲ್ಲ ಎಂದು ಹೇಳಿಕೊಡುವುದುಂಟು. ಹೊಳೆಯಲ್ಲಿ ಈಜುವವನಿಗೆ ನೀರಿನ ಸೆಳವು ದಡವನ್ನು ನೋಡಿದಾಗ ಮಾತ್ರ ತಿಳಿಯುತ್ತದೆ, ಹಾಗೆಯೇ ಇದೂ. ಗಾಳಿ ಒಂದೇ ಸಮನೆ ಬೀಸುತ್ತಿದ್ದರೆ ಈ ಪಾಠ ಸಂಪೂರ್ಣ ಸರಿ. 33ಕ್ಕೂ 47ಕ್ಕೂ ನಡುವೆ ಹೊಯ್ದಾಡುವ ಗಾಳಿಯಲ್ಲಿ ಅದು ಕುಸಿಯುತ್ತದೆ. ರನ್‌ವೇಯ ರೇಖೆಯ ಮೇಲೆಯೇ ಸಾಗಬೇಕೆಂದು ಪೈಲಟ್ ವಿಮಾನದ ಮೂಗನ್ನು ಗಾಳಿಯತ್ತ ತಿರುಗಿಸಿಕೊಳ್ಳಬೇಕಾಗುತ್ತದೆ. 80 ನಾಟ್ ವೇಗದ ವಿಮಾನಕ್ಕೆ 40 ನಾಟ್‌ಗೂ ಮೀರಿದ ಅಡ್ಡಗಾಳಿ ಎದುರಾದರೆ ಈ ಓರೆ 30 ಡಿಗ್ರಿಯನ್ನು ದಾಟುತ್ತದೆ. ಆ ದಿನ ನೆಲದ ಮೇಲಿದ್ದವರಿಗೆ ವಿಮಾನವು ಗಣನೀಯವಾಗಿ ಓರೆಯಾಗಿಯೇ ಕಂಡಿತ್ತು. ಮೂಗು ಗಾಳಿಯತ್ತ ಹೊರಳಿದಷ್ಟೂ ಏನಾಗುತ್ತದೆ? ಪಕ್ಕದಿಂದ ಬಡಿಯುತ್ತಿದ್ದ ಬೀಸು ಈಗ ಮುಂದಿನಿಂದ ಬಡಿಯುತ್ತದೆ. ಅದರ ಏರಿಳಿತವೆಲ್ಲ ನೇರವಾಗಿ ರೆಕ್ಕೆಯ ಮೇಲಿನ ವೇಗದ ಏರಿಳಿತವಾಗುತ್ತದೆ. ವೇಗಸೂಚಕದಲ್ಲಿ 75 ನಾಟ್ ಇದ್ದಾಗ ಬೀಸೊಂದು ತಟ್ಟನೆ ಅಡಗಿ 10 ನಾಟ್ ಕಳೆದುಹೋಯಿತೆಂದು ಇಟ್ಟುಕೊಳ್ಳಿ. ಎತ್ತುಬಲ ವೇಗದ ವರ್ಗವನ್ನು ಅವಲಂಬಿಸಿರುವುದರಿಂದ ಅದರ ಕಾಲುಭಾಗ ಆ ಕ್ಷಣವೇ ಮಾಯವಾಗುತ್ತದೆ. ಪೈಲಟ್ ಮೂಗನ್ನು ಮೇಲೆತ್ತಿ ಅದನ್ನು ತುಂಬಿಕೊಳ್ಳಲು ಹೋದರೆ ರೆಕ್ಕೆ ಸ್ಟಾಲ್ ಆಗುವ, ಅಂದರೆ ಗಾಳಿಯ ಹರಿವು ಕಳಚಿ ಎತ್ತುಬಲ ಕುಸಿಯುವ, ಕೋನದತ್ತ ಸಾಗುತ್ತದೆ.

ಸಮುದ್ರಮಟ್ಟದಲ್ಲೂ ಬೀಸು ಹೀಗೆಯೇ ವೇಗವನ್ನು ಕದಿಯುತ್ತದೆ. ನ್ಯಾಯವಾಗಿ ಹೇಳಬೇಕೆಂದರೆ, ಅದೇ ಬೀಸು ತೆಳುಗಾಳಿಯಲ್ಲಿ ವೇಗಸೂಚಕದ ಮುಳ್ಳನ್ನು ತುಸು ಕಡಿಮೆಯೇ ಅಲುಗಿಸುತ್ತದೆ. ವ್ಯತ್ಯಾಸವಿರುವುದು ಚೇತರಿಕೆಯಲ್ಲಿ. ಸಮತಟ್ಟಾಗಿ ಹಾರಲು ಬೇಕಾದ ಶಕ್ತಿಯನ್ನು ಕಳೆದ ಮೇಲೆ ಎಂಜಿನಿನಲ್ಲಿ ಉಳಿಯುವ ಮಿಗತೆಯೇ ಏರಲೂ ಕಳೆದ ವೇಗವನ್ನು ಮರಳಿ ಗಳಿಸಲೂ ಇರುವ ಏಕಮಾತ್ರ ಬಂಡವಾಳ. ಸಮುದ್ರಮಟ್ಟದಲ್ಲಿ ನಿಮಿಷಕ್ಕೆ ಸಾವಿರ ಅಡಿಯ ಆಸುಪಾಸಿನಲ್ಲಿ ಏರುವ ವಿಮಾನ 9,500 ಅಡಿಯಲ್ಲಿ ಅದರ ಅರ್ಧದಷ್ಟು ಏರಿದರೆ ಹೆಚ್ಚು. ಎಂಜಿನಿನ ಒಟ್ಟು ಶಕ್ತಿ ಶೇಕಡಾ 28ರಷ್ಟು ಕುಗ್ಗಿದಾಗ ಮಿಗತೆ ಅರ್ಧಕ್ಕೆ ಇಳಿಯುತ್ತದೆ, ಏಕೆಂದರೆ ಹಾರಾಟಕ್ಕೇ ಬೇಕಾದ ಪಾಲು ಕುಗ್ಗುವುದಿಲ್ಲ. ತೆಳುಗಾಳಿಯಲ್ಲಿ ಅದು ಹೆಚ್ಚೇ ಬೇಕು. ಕೆಳನಾಡಿನಲ್ಲಿ ಬೀಸೊಂದರ ಪೆಟ್ಟನ್ನು ಮೂರು ಸೆಕೆಂಡಿನಲ್ಲಿ ದಾಟಿಕೊಳ್ಳುವ ವಿಮಾನಕ್ಕೆ ಇಲ್ಲಿ ಅದರ ಎರಡು ಪಟ್ಟು ಹೊತ್ತು ಬೇಕಾದರೆ, ಅಷ್ಟರಲ್ಲಿ ಎರಡನೆಯ ಬೀಸು ಬಂದಿರುತ್ತದೆ. ಎರಡು ಅಪಾಯಗಳು ಒಂದರೊಳಗೊಂದು ಹೆಣೆದುಕೊಳ್ಳುವ ಜಾಗ ಇದು. ಯಾವ ಕೈಪಿಡಿಯ ಕೋಷ್ಟಕದಲ್ಲೂ ಇದಕ್ಕೆ ಅಂಕಣವಿಲ್ಲ: ಉಷ್ಣಾಂಶಕ್ಕೊಂದು, ಎತ್ತರಕ್ಕೊಂದು, ಭಾರಕ್ಕೊಂದು, ಎದುರುಗಾಳಿಗೊಂದು ಅಂಕಣವಿರುತ್ತದೆ, ಬೀಸಿನಿಂದ ಚೇತರಿಸಿಕೊಳ್ಳುವ ಹೊತ್ತಿಗೆ ಇರುವುದಿಲ್ಲ. ಆ ಕೋಷ್ಟಕಗಳಾದರೂ ಹೊಸ ಎಂಜಿನಿನ ಹೊಸ ವಿಮಾನವನ್ನು ನುರಿತ ಪರೀಕ್ಷಾ ಪೈಲಟ್ ಶಾಂತ ಗಾಳಿಯಲ್ಲಿ ಹಾರಿಸಿ ಪಡೆದ ಅಂಕಿಗಳಿಂದ ಹುಟ್ಟಿದವು.

ಇಷ್ಟು ಹೊತ್ತು ಗಾಳಿ ನೆಲಕ್ಕೆ ಸಮಾನಾಂತರವಾಗಿ ಬೀಸುತ್ತಿದೆ ಎಂದೇ ಭಾವಿಸಿದೆವು. ಏಂಜಲ್ ಫೈರ್‌ನ ಪಶ್ಚಿಮಕ್ಕೆ ಸಾಂಗ್ರೆ ದೆ ಕ್ರಿಸ್ಟೊ ಪರ್ವತಶ್ರೇಣಿ ಹಬ್ಬಿದೆ. ನ್ಯೂ ಮೆಕ್ಸಿಕೊದ ಅತ್ಯುನ್ನತ ಶಿಖರವಾದ, 13,000 ಅಡಿ ಮೀರಿದ ವೀಲರ್ ಪೀಕ್ ಅದರಲ್ಲೇ ಇದೆ. ಪಶ್ಚಿಮದಿಂದ ಬೀಸುವ ಗಾಳಿ ಆ ಶ್ರೇಣಿಯನ್ನು ಏರಿ ದಾಟಿ ಕಣಿವೆಗೆ ಇಳಿಯಬೇಕು. 40 ನಾಟ್ ಗಾಳಿ ನಾಲ್ಕಕ್ಕೆ ಒಂದರಂತೆ ಇಳಿಯುವ ಇಳಿಜಾರನ್ನು ಅನುಸರಿಸಿ ಹರಿದರೆ ಅದರ ಕೆಳಮುಖ ವೇಗ 10 ನಾಟ್, ಎಂದರೆ ನಿಮಿಷಕ್ಕೆ ಸುಮಾರು 1,000 ಅಡಿ. ನಿಮಿಷಕ್ಕೆ 500 ಅಡಿ ಏರಬಲ್ಲ ವಿಮಾನ ಅಂತಹ ಗಾಳಿಯೊಳಗೆ ಸಿಕ್ಕರೆ, ಪೂರ್ಣ ಶಕ್ತಿಯಲ್ಲಿ, ಸರಿಯಾದ ವೇಗದಲ್ಲಿ, ಯಾವ ತಪ್ಪನ್ನೂ ಮಾಡದೆ ನಿಮಿಷಕ್ಕೆ 500 ಅಡಿಯಂತೆ ಕೆಳಗಿಳಿಯುತ್ತದೆ. ವಾತಾವರಣ ಸ್ಥಿರವಾಗಿದ್ದು ಗಾಳಿ ಶ್ರೇಣಿಗೆ ಅಡ್ಡಲಾಗಿದ್ದರೆ ಬೆಟ್ಟದ ಮರೆಯಲ್ಲಿ ಪರ್ವತ ಅಲೆಗಳು ಏಳುತ್ತವೆ, ಅವುಗಳ ಅಡಿಯಲ್ಲಿ ಗಾಳಿ ಉರುಳೆಯಂತೆ ಸುತ್ತುತ್ತದೆ. ತೇವಾಂಶವಿದ್ದರೆ ಮಸೂರದಾಕಾರದ ಮೋಡಗಳು ಇದರ ಗುರುತು ಕೊಡುತ್ತವೆ. ಒಣಹವೆಯಲ್ಲಿ ನಿರ್ಮಲ ನೀಲಿ ಆಕಾಶದಲ್ಲೇ ಇದೆಲ್ಲ ನಡೆಯುತ್ತದೆ. ಬೆಟ್ಟದ ನೆತ್ತಿಯ ಮಟ್ಟದಲ್ಲಿ ಗಾಳಿ 25 ನಾಟ್ ಮೀರಿದರೆ ಸಣ್ಣ ವಿಮಾನಗಳು ಪರ್ವತಪ್ರದೇಶದಿಂದ ದೂರವಿರಲಿ ಎಂಬ ಸಲಹೆ ಬಂದಿರುವುದು ಇದರಿಂದ. ಆ ದಿನ ಕಣಿವೆಯ ತಳದಲ್ಲಿಯೇ ಗಾಳಿ 33 ನಾಟ್ ಇತ್ತು.

ಹಾಗಾದರೆ ನೆಲ ಬಿಟ್ಟೊಡನೆ ಯಾವ ಕಡೆಗೆ ತಿರುಗಬೇಕು? ಗಾಳಿಗೆ ಮುಖಮಾಡಿದರೆ ಎದುರಿಗೆ ಏರುತ್ತಿರುವ ನೆಲ ಮತ್ತು ಅದರಿಂದ ಧುಮುಕುವ ಇಳಿಗಾಳಿ. ಬೆನ್ನುಗಾಳಿಯತ್ತ ತಿರುಗಿದರೆ ನೆಲ ಕಣ್ಣಮುಂದೆ ಸರಸರನೆ ಓಡತೊಡಗುತ್ತದೆ. 80 ನಾಟ್ ವೇಗಕ್ಕೆ ಗಾಳಿಯ 40 ಸೇರಿ ನೆಲದ ಮೇಲಿನ ವೇಗ 120 ಆಗುತ್ತದೆ. ನೂರಿನ್ನೂರು ಅಡಿ ಎತ್ತರದಲ್ಲಿ ಕಿಟಕಿಯ ಹೊರಗೆ ನೋಡುತ್ತಿರುವ ಪೈಲಟ್‌ಗೆ ಬೇಕಾದಷ್ಟು ವೇಗವಿದೆಯೆಂಬ ಭ್ರಮೆ ಹುಟ್ಟುತ್ತದೆ, ಕೈ ತಾನಾಗಿಯೇ ಮೂಗನ್ನು ಮೇಲಕ್ಕೆ ಎಳೆಯುತ್ತದೆ. ತಿರುವಿನ ವರ್ತುಲವೂ ವೇಗದ ವರ್ಗದಂತೆ ಹಿಗ್ಗುವುದರಿಂದ ಈ ಎತ್ತರದಲ್ಲಿ ಅದು ಸಮುದ್ರಮಟ್ಟದಲ್ಲಿ ಇರುವುದಕ್ಕಿಂತ ಮೂರನೆಯ ಒಂದು ಪಾಲು ಹೆಚ್ಚು ದೊಡ್ಡದು. ಅದನ್ನು ಕಿರಿದಾಗಿಸಲು ವಿಮಾನವನ್ನು 45 ಡಿಗ್ರಿ ವಾಲಿಸಿದರೆ ಸ್ಟಾಲ್ ಆಗುವ ವೇಗ ಶೇಕಡಾ 19ರಷ್ಟು ಏರುತ್ತದೆ. ನೇರವಾಗಿ ಹೋಗುವುದೊಂದೇ ಉಳಿದ ದಾರಿ, ಅದರ ಕಷ್ಟವನ್ನು ಆಗಲೇ ನೋಡಿದ್ದೇವೆ. ಒಳ್ಳೆಯ ಆಯ್ಕೆಯೆಂಬುದು ಚಕ್ರಗಳು ನೆಲದಲ್ಲಿರುವಾಗ ಮಾತ್ರ ಇತ್ತು.

ಅಮೆರಿಕದ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿಯ ತನಿಖೆಯೂ ಪರ್ವತ ಅಲೆಗಳ ಕ್ಷುಬ್ಧ ಗಾಳಿಯಲ್ಲಿ ಹತೋಟಿ ತಪ್ಪಿದ್ದನ್ನೇ ಕಾರಣವೆಂದು ಗುರುತಿಸಿತು. ಮೃತ ಪೈಲಟ್‌ನ ಮನಸ್ಸಿನಲ್ಲಿ ಏನಿತ್ತೆಂದು ಊಹಿಸುವ ಚಪಲ ನನಗಿಲ್ಲ. ಬೆಟ್ಟದ ಹವೆಯ ದಿನಚರಿಯನ್ನಷ್ಟೇ ಹೇಳುತ್ತೇನೆ: ಬಿಸಿಲೇರಿದಂತೆ ಮೇಲಿನ ರಭಸದ ಗಾಳಿ ಕೆಳಗಿನ ಗಾಳಿಯೊಂದಿಗೆ ಬೆರೆಯುತ್ತದೆ, ಮಧ್ಯಾಹ್ನಕ್ಕೆ ಬೀಸು ಹೆಚ್ಚುತ್ತದೆ, ಉಷ್ಣಾಂಶದೊಂದಿಗೆ ಸಾಂದ್ರತಾ ಎತ್ತರವೂ ಹೆಚ್ಚುತ್ತದೆ, ಸಂಜೆಯ ನಂತರ ಎರಡೂ ಸಾಮಾನ್ಯವಾಗಿ ಇಳಿಯುತ್ತವೆ. ಬೆಟ್ಟಗಳಲ್ಲಿ ಹಾರುವವರು ಬೆಳಗಿನ ಹೊತ್ತನ್ನು ಆರಿಸಿಕೊಳ್ಳುವುದು ಈ ಕಾರಣಕ್ಕೆ. ಭಾರವನ್ನು ತಗ್ಗಿಸುವುದು ಇನ್ನೊಂದು ಉಪಾಯ. ಶೇಕಡಾ 10ರಷ್ಟು ಭಾರ ಇಳಿಸಿದರೆ ನೆಲದ ಓಟ ಐದನೆಯ ಒಂದು ಪಾಲಿನಷ್ಟು ಕುಗ್ಗುತ್ತದೆ. ಅದಕ್ಕಿಂತ ಮುಖ್ಯವಾಗಿ, ಮೇಲೆ ಹೇಳಿದ ಮಿಗತೆ ಬೆಳೆಯುತ್ತದೆ. ಆದರೆ ಆ ದಿನದ ಗಾಳಿಗೆ ಇದೂ ಸಾಲುತ್ತಿರಲಿಲ್ಲವೆಂದೇ ನನ್ನ ಎಣಿಕೆ.

ಮಾತಿನ ಬಳಿಕ ಸಭಿಕರಿಂದ ಬಂದ ಪ್ರಶ್ನೆಗಳಲ್ಲಿ ಎರಡನ್ನು ಇಲ್ಲಿ ಸೇರಿಸುತ್ತಿದ್ದೇನೆ.

ಟರ್ಬೋಚಾರ್ಜರ್ ಇರುವ ವಿಮಾನಕ್ಕೆ ಈ ತೊಂದರೆಯಿಲ್ಲವಲ್ಲವೇ ಎಂದು ಒಬ್ಬರು ಕೇಳಿದರು. ಟರ್ಬೋಚಾರ್ಜರ್ ಎಂಜಿನಿಗೆ ಅದರ ಪೂರ್ಣ ಶಕ್ತಿಯನ್ನು ಬಹಳ ಎತ್ತರದವರೆಗೂ ಉಳಿಸಿಕೊಡುತ್ತದೆ. ಮಿಗತೆಯ ದೊಡ್ಡ ಪಾಲು ಹಿಂತಿರುಗುತ್ತದೆ. ಆದರೆ ರೆಕ್ಕೆಗೂ ಪ್ರೊಪೆಲರ್‌ಗೂ ಸಿಗುವುದು ಅದೇ ತೆಳುಗಾಳಿ. ನೆಲ ಬಿಡಲು ಬೇಕಾದ ನಿಜವೇಗ, ತಿರುವಿನ ಅಗಲ, ಚಕ್ರಗಳ ಮೇಲೆ ಅಡ್ಡಗಾಳಿಯ ಒತ್ತಡ ಯಾವುದೂ ಬದಲಾಗುವುದಿಲ್ಲ. ನಿಮಿಷಕ್ಕೆ 1,000 ಅಡಿ ಏರುವ ವಿಮಾನವನ್ನು ನಿಮಿಷಕ್ಕೆ 1,500 ಅಡಿಯ ಇಳಿಗಾಳಿ ಇಳಿಸಿಯೇ ಇಳಿಸುತ್ತದೆ.

ಅಷ್ಟು ಉದ್ದದ ರನ್‌ವೇ ಇದ್ದಾಗ, ಮೇಲೇರಿದ ಮೇಲೂ ಮುಂದಿನ ಡಾಂಬರಿನ ಮೇಲೆ ಮರಳಿ ಇಳಿದುಬಿಡಬಹುದಿತ್ತಲ್ಲ ಎಂಬುದು ಇನ್ನೊಬ್ಬರ ಪ್ರಶ್ನೆ. ಅಡ್ಡಗಾಳಿಯಿಲ್ಲದ ದಿನ ಇದೇ ಸರಿಯಾದ ಉತ್ತರ, ಅದಕ್ಕಾಗಿಯೇ ರನ್‌ವೇ ಇನ್ನೂ ಕಾಣುತ್ತಿರುವವರೆಗೆ ಚಕ್ರಗಳನ್ನು ಮಡಚಬೇಡಿ ಎಂದು ಕಲಿಸುತ್ತಾರೆ. ಆದರೆ 30 ಡಿಗ್ರಿಗೂ ಹೆಚ್ಚು ಓರೆಯಾಗಿ ಸಾಗುತ್ತಿರುವ ವಿಮಾನವನ್ನು ನೆಲ ಮುಟ್ಟುವ ಮುನ್ನ ರನ್‌ವೇಗೆ ನೇರವಾಗಿಸಬೇಕು, ಗಾಳಿಯ ಕಡೆಯ ರೆಕ್ಕೆಯನ್ನು ಬಗ್ಗಿಸಿ ಜಾರಾಟವನ್ನು ತಡೆಯಬೇಕು. 40 ನಾಟ್ ಅಡ್ಡಗಾಳಿಯಲ್ಲಿ ಇಂತಹ ವಿಮಾನದ ಚುಕ್ಕಾಣಿಗೆ ಅಷ್ಟು ಬಲವಿರುವುದಿಲ್ಲ. ಓರೆಯಾಗಿಯೇ ನೆಲ ಮುಟ್ಟಿದರೆ ಚಕ್ರದ ಕಾಲುಗಳು ಮುರಿಯುತ್ತವೆ. ಆದರೂ ಕಾಲು ಮುರಿದುಕೊಂಡು, ರೆಕ್ಕೆ ಸಮತಟ್ಟಾಗಿರುವಂತೆ, ಹತೋಟಿಯಲ್ಲಿ ನೆಲಕ್ಕೆ ಬರುವುದು ಸ್ಟಾಲ್ ಆಗಿ ಬೀಳುವುದಕ್ಕಿಂತ ಎಷ್ಟೋ ಪಾಲು ಮೇಲು. ಬ್ರೂಸ್ ಮೆಡೋಸ್‌ನ ನಾಲ್ವರು ಬದುಕಿದ್ದರಲ್ಲಿ ಈ ವ್ಯತ್ಯಾಸದ ಪಾಲು ದೊಡ್ಡದೆಂದು ನಾನು ತಿಳಿದಿದ್ದೇನೆ: ಮರಗಳನ್ನು ಹೊಗುವವರೆಗೂ ಆ ವಿಮಾನ ಹಾರುತ್ತಲೇ ಇತ್ತು.